ನೆಲದಲ್ಲಿ ಸಿಕ್ಕ ಹಳೇ ಕಬ್ಬಿಣ: ತುಕ್ಕು ಬಿಡಿಸಿದ ಮೇಲೂ ಬೆವರುವುದೇಕೆ?

ತೊಳೆದು, ಉಜ್ಜಿ, ಎಣ್ಣೆ ಸವರಿ ಕಪಾಟಿನಲ್ಲಿಟ್ಟ ಕೊಡಲಿ ಹದಿನೈದು ದಿನಕ್ಕೆ ಬೆವರಿತ್ತು. ಬೆವರು ಅಂದರೆ ಬೆವರೇ: ಸಾಸಿವೆ ಕಾಳಿನಷ್ಟು ದಪ್ಪದ, ಬೆಲ್ಲದ ನೀರಿನ ಬಣ್ಣದ ಹನಿಗಳು, ಮರದ ಕಾವು ತೂರಿಸುವ ಕಣ್ಣಿನ ಪಕ್ಕದಲ್ಲಿ ಸಾಲಾಗಿ. ಬಟ್ಟೆಯಿಂದ ಒರೆಸಿದರೆ ಮರುದಿನ ಅದೇ ಜಾಗದಲ್ಲಿ ಮತ್ತೆ. ಮಳೆಗಾಲದ ಥಂಡಿ ಎಂದುಕೊಂಡು ಮೊದಲು ಸುಮ್ಮನಾದೆ. ಆದರೆ ಅದೇ ಕಪಾಟಿನಲ್ಲಿ ಅಜ್ಜನ ಕಾಲದ ಅಡಕತ್ತರಿ ಒಣಗಿಕೊಂಡು ಕೂತಿತ್ತು. ಅದಕ್ಕೆ ತಗಲದ ಥಂಡಿ ಇದಕ್ಕೇಕೆ ತಗಲಿತು ಎಂದು ಯೋಚಿಸಿದಾಗಲೇ ದೋಷ ಗಾಳಿಯಲ್ಲಿಲ್ಲ, ಕೊಡಲಿಯ ಒಳಗಿದೆ ಎಂದು ಹೊಳೆದದ್ದು.

ಕೊಡಲಿ ಸಿಕ್ಕಿದ್ದು ಅಡಿಕೆ ತೋಟದ ಬಸಿಗಾಲುವೆ ಆಳ ಮಾಡುವಾಗ, ಸುಮಾರು ಎರಡೂವರೆ ಅಡಿ ಕೆಳಗೆ. ಜೊತೆಗೆ ಒಂದು ಬೀಗ, ಎತ್ತಿನಗಾಡಿ ಚಕ್ರದ ಪಟ್ಟಿಯ ತುಂಡು. ಮೂರಕ್ಕೂ ಮೂರು ಬೇರೆ ಬೇರೆ ಗತಿಯಾಯಿತು. ಮಾಡಿದ ತಪ್ಪುಗಳನ್ನು ಲಕ್ಷಣ ಮೊದಲು, ಕಾರಣ ಆಮೇಲೆ ಎಂಬ ಕ್ರಮದಲ್ಲಿ ಬರೆದಿದ್ದೇನೆ. ನಿಮ್ಮ ವಸ್ತು ಎಲ್ಲಿ ಸಿಕ್ಕಿಕೊಂಡಿದೆಯೋ ಅಲ್ಲಿಂದ ಓದಿದರೂ ಸಾಕು, ಮೊದಲ ಭಾಗವೊಂದನ್ನು ಬಿಟ್ಟು.

ಕೈ ಹಚ್ಚುವ ಮೊದಲು: ಒಳಗೆ ಕಬ್ಬಿಣ ಉಳಿದಿದೆಯೇ?

ಮಣ್ಣಿನಿಂದ ಎದ್ದದ್ದು ಎಷ್ಟು ದಪ್ಪಗಿದ್ದರೂ ನಂಬಬೇಡಿ. ಕಬ್ಬಿಣ ತುಕ್ಕಾಗುವಾಗ ಊದಿಕೊಳ್ಳುತ್ತದೆ. ಒಂದು ಪಾಲು ಲೋಹ ಎರಡರಿಂದ ಆರು ಪಾಲಿನಷ್ಟು ತುಕ್ಕಾಗಬಹುದು. ಊದುತ್ತಾ ಊದುತ್ತಾ ಸುತ್ತಲಿನ ಮಣ್ಣು, ಹರಳುಗಳನ್ನೂ ಮೈಗೆ ಅಂಟಿಸಿಕೊಳ್ಳುತ್ತದೆ. ಅಂಗೈ ಅಗಲದ ಕತ್ತಿಯ ಒಳಗೆ ತಗಡಿನಷ್ಟೇ ತಿರುಳು ಇರಬಹುದು, ಇಲ್ಲದೆಯೂ ಇರಬಹುದು. ತಿರುಳೇ ಇಲ್ಲದ ವಸ್ತುವಿನ ತುಕ್ಕು ಬಿಡಿಸಿದರೆ ಬಕೆಟ್ಟಿನ ತಳದಲ್ಲಿ ಕೆಸರು ಉಳಿಯುತ್ತದೆ, ಅಷ್ಟೆ.

ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದು ನೋಡುವುದು ಎಲ್ಲರೂ ಮಾಡುವ ಪರೀಕ್ಷೆ. ಅದನ್ನೊಂದನ್ನೇ ನಂಬಿ ನಾನು ಮೋಸ ಹೋಗಿದ್ದೇನೆ. ಲೋಹದ ಪಕ್ಕದಲ್ಲಿ ಬೆಳೆಯುವ ಕಪ್ಪು ತುಕ್ಕು, ಅಂದರೆ ಮ್ಯಾಗ್ನಟೈಟ್, ತಾನೇ ಅಯಸ್ಕಾಂತಕ್ಕೆ ಅಂಟುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಮೋಸವಿದೆ: ಹಿಂದೆ ಕುಲುಮೆ ಇದ್ದ ಜಾಗದಲ್ಲಿ ಸಿಗುವ ಕಿಟ್ಟ, ಅಂದರೆ ಕಬ್ಬಿಣ ತೆಗೆದ ಮೇಲೆ ಉಳಿದ ಕಸ. ಕಪ್ಪಗೆ, ತೂತು ತೂತಾಗಿ, ಕರಗಿ ಹೆಪ್ಪುಗಟ್ಟಿದ ಹಾಗಿರುತ್ತದೆ. ಅದರಲ್ಲೂ ಕಬ್ಬಿಣದ ಅಂಶ ಇರುವುದರಿಂದ ಅಯಸ್ಕಾಂತ ಸ್ವಲ್ಪ ಎಳೆಯುತ್ತದೆ. ಕಿಟ್ಟವನ್ನು ಎಷ್ಟು ತೊಳೆದರೂ ಅದು ಕಿಟ್ಟವೇ.

ಸದ್ದು ಇದಕ್ಕಿಂತ ಒಳ್ಳೇ ಸಾಕ್ಷಿ. ವಸ್ತುವನ್ನು ದಾರದಲ್ಲಿ ತೂಗುಬಿಟ್ಟು ಚಮಚದ ಹಿಡಿಯಿಂದ ತಟ್ಟಿ. ಸಣ್ಣಗಾದರೂ 'ಟಣ್' ಎಂದರೆ ತಿರುಳು ಅಖಂಡವಾಗಿದೆ. ಹೆಂಚಿನ ಚೂರಿನಂತೆ 'ಟಪ್' ಎಂದರೆ ಒಳಗೆ ಸೀಳಿದೆ, ಅಥವಾ ಬರೀ ತುಕ್ಕು.

ನನಗೆ ಎಲ್ಲಕ್ಕಿಂತ ನೆಚ್ಚಿಗೆಯದು ತೂಕದ ಲೆಕ್ಕ. ಅಂಟಿದ ಮಣ್ಣನ್ನು ಮೃದು ಬ್ರಷ್ಷಿನಿಂದ ತೆಗೆದು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ಆಮೇಲೆ ಪಾತ್ರೆಯಲ್ಲಿ ಅಂಚಿನವರೆಗೆ ನೀರು ತುಂಬಿಸಿ ವಸ್ತುವನ್ನು ಮುಳುಗಿಸಿ, ಚೆಲ್ಲಿದ ನೀರನ್ನು ಅಳೆಯಿರಿ. ತೂಕವನ್ನು ನೀರಿನ ಅಳತೆಯಿಂದ ಭಾಗಿಸಿ. ಶುದ್ಧ ಕಬ್ಬಿಣಕ್ಕೆ 7.8ರ ಆಸುಪಾಸು ಬರಬೇಕು, ಬರೀ ತುಕ್ಕಿಗೆ 5ಕ್ಕಿಂತ ಕೆಳಗೆ. ನನ್ನ ಕೊಡಲಿ 940 ಗ್ರಾಂ ತೂಗಿ 165 ಮಿಲಿಲೀಟರ್ ನೀರು ಚೆಲ್ಲಿತು, ಲೆಕ್ಕ 5.7. ಸಿಪ್ಪೆ ದಪ್ಪವಿದೆ, ತಿರುಳೂ ಇದೆ ಎಂದು ಧೈರ್ಯ ಬಂತು. ಬೀಗದಂಥ ಟೊಳ್ಳು ವಸ್ತುವಿಗೆ ಈ ಲೆಕ್ಕ ನಡೆಯುವುದಿಲ್ಲ. ಒಳಗಿನ ಗಾಳಿ, ಮಣ್ಣು ಎರಡೂ ಸೇರಿ ಲೆಕ್ಕ ಕೆಡಿಸುತ್ತವೆ.

ತೊಳೆಯಲೇಬಾರದ ವಸ್ತುಗಳು

ಕಬ್ಬಿಣದ ಕೊಳವೆ, ಗುಂಡು, ಒಂದು ಕಡೆ ಮುಚ್ಚಿದ ಸಿಲಿಂಡರ್ ಆಕಾರದ ಏನಾದರೂ ಸಿಕ್ಕರೆ ಬ್ರಷ್ ಕೂಡ ಹಾಕಬೇಡಿ. ನಮ್ಮ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಅಂದರೆ ಹಳೆಯ ಬಿದನೂರಿನಲ್ಲಿ, 2018ರಲ್ಲಿ ಪಾಳುಬಾವಿಯೊಂದರಿಂದ ಮೈಸೂರು ರಾಕೆಟ್ಟುಗಳ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಹೊರಬಂದವು. ಕೆಸರು ಮೆತ್ತಿದ, ತುಕ್ಕು ಹಿಡಿದ ಕೊಳವೆಗಳು. ಒಳಗೆ ಮದ್ದಿನ ಅಂಶ. ಅಂಥದ್ದನ್ನು ಒಲೆಯ ಮೇಲೆ ಒಣಗಿಸಲು ಇಟ್ಟರೆ ಏನಾದೀತು ಎಂದು ಬಿಡಿಸಿ ಹೇಳಬೇಕಿಲ್ಲ. ದೂರವಿಟ್ಟು ಪೊಲೀಸರಿಗೆ ತಿಳಿಸಿ.

ಕಲ್ಲುಗೋರಿ, ಮಡಕೆ ಚೂರು, ಬೂದಿಮಣ್ಣಿನ ಜೊತೆ ಸಿಕ್ಕ ಕಬ್ಬಿಣದ ಮಾತೂ ಬೇರೆ. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸುಮಾರು 3000 ವರ್ಷ ಹಳೆಯ ಕಬ್ಬಿಣ ಸಿಕ್ಕಿದೆ. ಅಷ್ಟು ಹಳೆಯದರಲ್ಲಿ ತುಕ್ಕೇ ವಸ್ತು. ಹಿಡಿಯ ಮರದ ಎಳೆ, ಸುತ್ತಿದ ಬಟ್ಟೆಯ ನೇಯ್ಗೆ ಕೂಡ ತುಕ್ಕಿನಲ್ಲಿ ಅಚ್ಚಾಗಿ ಉಳಿದಿರುತ್ತದೆ. ಉಜ್ಜಿದರೆ ಅದೇ ಮೊದಲು ಹೋಗುವುದು. 100 ವರ್ಷ ದಾಟಿದ ಕೆಲಸಗಾರಿಕೆಯ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಮಣ್ಣಿನ ಸಮೇತ ಪುರಾತತ್ವ ಇಲಾಖೆಗೆ ತೋರಿಸಿ, ಅವರು ಎಕ್ಸ್‌ರೇ ತೆಗೆದು ನೋಡುತ್ತಾರೆ. ಕೆಳಗೆ ಬರೆದಿರುವುದೆಲ್ಲ ಗುದ್ದಲಿ, ಹಾರೆ, ಕುಳ, ಕತ್ತಿಯಂಥ ಮನೆಬಳಕೆಯ ಸಾಮಾನಿಗೆ ಮಾತ್ರ.

ಕರೆಂಟಿನ ತೊಟ್ಟಿ ಕೆಲಸ ಮಾಡುತ್ತಿಲ್ಲ

ತಿರುಳಿರುವ ವಸ್ತುವಿಗೆ ನನ್ನ ಆಯ್ಕೆ ವಿದ್ಯುದ್ವಿಭಜನೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ 10 ಲೀಟರ್ ನೀರು, ಮೂರು ದೊಡ್ಡ ಚಮಚ ಬಟ್ಟೆ ಸೋಡಾ, 12 ವೋಲ್ಟ್ ಚಾರ್ಜರ್. ಕೊಡಲಿಗೆ ಋಣ ತಂತಿ. ಧನ ತಂತಿ ಮನೆ ಕಟ್ಟಿ ಉಳಿದ ಸೆಂಟ್ರಿಂಗ್ ಕಂಬಿಗೆ. ಕಂಬಿ ಮತ್ತು ಕೊಡಲಿ ಒಂದಕ್ಕೊಂದು ತಾಗಬಾರದು. ಕೊಡಲಿಯ ಮೈಯಿಂದ ಜಲಜನಕದ ಗುಳ್ಳೆ ಏಳುತ್ತಾ ತುಕ್ಕು ಸಡಿಲಗೊಳ್ಳುತ್ತದೆ. ಒಳ್ಳೇ ಲೋಹಕ್ಕೆ ಏಟು ಬೀಳದಿರುವುದೇ ಇದರ ಗುಣ. ತಂತಿ ತಿರುವುಮುರುವಾದರೆ ಮಾತ್ರ ಕೊಡಲಿ ಕರಗಿ ಕಂಬಿ ಉಳಿಯುತ್ತದೆ. ಆದ್ದರಿಂದ ಸ್ವಿಚ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ನೋಡಿ: ಗುಳ್ಳೆ ಹೆಚ್ಚು ಏಳಬೇಕಾದದ್ದು ಕೊಡಲಿಯಿಂದ.

ಗುಳ್ಳೆಯೇ ಬರುತ್ತಿಲ್ಲ ಎಂದರೆ ಮೊದಲು ಕ್ಲಿಪ್ ಹಾಕಿದ ಜಾಗ ನೋಡಿ. ತುಕ್ಕಿನ ಮೇಲೆ ಕ್ಲಿಪ್ ಹಾಕಿದರೆ ಕರೆಂಟು ಹರಿಯುವುದಿಲ್ಲ. ಕಾಣದ ಮೂಲೆಯಲ್ಲಿ ಅರದಿಂದ ಉಜ್ಜಿ, ಬೆಳ್ಳಿಯಂತೆ ಹೊಳೆಯುವ ಜಾಗ ಮಾಡಿಕೊಂಡು ಅಲ್ಲಿ ಕಚ್ಚಿಸಿ. ನನ್ನ ಅನುಭವದಲ್ಲಿ ಹತ್ತಕ್ಕೆ ಎಂಟು ಸಲ ಇದೇ ಕಾರಣ. ಅದೂ ಸರಿಯಿದ್ದರೆ ಚಾರ್ಜರ್ ಮೇಲೆ ಅನುಮಾನ: ಈಗಿನ ಆಟೊಮ್ಯಾಟಿಕ್ ಚಾರ್ಜರುಗಳು ಎದುರಿಗೆ ಬ್ಯಾಟರಿ ಕಾಣದಿದ್ದರೆ ಕರೆಂಟೇ ಬಿಡುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇರುವ, ಭಾರದ ಹಳೇ ಚಾರ್ಜರ್ ಹುಡುಕಿ. ಇಲ್ಲವೇ ಚಾರ್ಜರನ್ನು ಬ್ಯಾಟರಿಗೆ ಕೊಟ್ಟು, ಬ್ಯಾಟರಿಯಿಂದ ಫ್ಯೂಸ್ ಮೂಲಕ ತೊಟ್ಟಿಗೆ ತಂತಿ ಎಳೆಯಿರಿ.

ಮೊದಲು ಚೆನ್ನಾಗಿ ಗುಳ್ಳೆ ಬಂದು ಎರಡು ಗಂಟೆಗೆ ಮಂಕಾಯಿತೇ? ಕಂಬಿ ಮೇಲೆತ್ತಿ ನೋಡಿ, ಕಂದು ಲೋಳೆ ಮೆತ್ತಿಕೊಂಡಿರುತ್ತದೆ. ಕೆರೆದು ಮತ್ತೆ ಇಳಿಸಿ. ಒಂದೇ ಮಗ್ಗುಲು ಶುಚಿಯಾಗುತ್ತಿದ್ದರೆ ಇನ್ನೊಂದು ಮಗ್ಗುಲಿಗೆ ಕಂಬಿಯೇ ಕಾಣುತ್ತಿಲ್ಲ ಎಂದರ್ಥ. ಸುತ್ತ ನಾಲ್ಕು ಕಂಬಿ ನಿಲ್ಲಿಸಿ ಒಂದಕ್ಕೊಂದು ತಂತಿ ಸುತ್ತಿ.

ಕಂಬಿ ಬೇಗ ಸವೆಯುತ್ತದೆಂದು ಸ್ಟೀಲ್ ಚಮಚ, ಸ್ಟೀಲ್ ತಟ್ಟೆ ಇಳಿಬಿಡುವವರಿದ್ದಾರೆ. ಬೇಡವೇ ಬೇಡ. ಸ್ಟೇನ್‌ಲೆಸ್ ಸ್ಟೀಲಿನ ಕ್ರೋಮಿಯಂ ಕರಗಿ ವಿಷವಾಗುತ್ತದೆ. ಆ ನೀರನ್ನು ಆಮೇಲೆ ತೋಟಕ್ಕೂ ಚೆಲ್ಲುವಂತಿಲ್ಲ, ಚರಂಡಿಗೂ ಬಿಡುವಂತಿಲ್ಲ. ಸತು ಬಳಿದ ಪೈಪೂ ಬೇಡ. ಸೋಡಾ ಮುಗಿದಿದೆಯೆಂದು ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದಕ್ಕಿಂತ ದೊಡ್ಡ ಅನಾಹುತ ಏನೆಂದು ಕೆಳಗೆ ಬೆವರಿನ ಭಾಗದಲ್ಲಿ ಗೊತ್ತಾಗುತ್ತದೆ. ತೊಟ್ಟಿ ಅಂಗಳದಲ್ಲಿರಲಿ, ಹತ್ತಿರದಲ್ಲಿ ಬೀಡಿ ಹಚ್ಚುವುದು ಬೇಡ, ಸ್ವಿಚ್ ತೆಗೆಯದೆ ಕೈ ಹಾಕುವುದು ಬೇಡ.

ಹೊರತೆಗೆದಾಗ ವಸ್ತು ಮಸಿ ಬಳಿದಂತಿದ್ದರೆ ಗಾಬರಿಯಾಗಬೇಡಿ. ಕೆಂಪು ತುಕ್ಕು ಕಪ್ಪಾಗಿ ಬದಲಾಗಿದೆ. ಹಸಿ ಇರುವಾಗಲೇ ನಾರಿನ ಬ್ರಷ್ಷಿನಿಂದ ತಿಕ್ಕಿದರೆ ಬರುವಷ್ಟು ಬರುತ್ತದೆ. ಬಾರದ್ದನ್ನು ಗ್ರೈಂಡರ್ ಹಾಕಿ ಕೀಳಬೇಡಿ, ಮತ್ತೊಂದು ಸಂಜೆ ತೊಟ್ಟಿಗಿಳಿಸಿ. ಗ್ರೈಂಡರ್ ಹಾಕಿದ ಕೊಡಲಿ ಅಂಗಡಿಯ ಹೊಸ ಕೊಡಲಿಯ ಹಾಗೆ ಕಾಣುತ್ತದೆ, ಹೊಸದರಷ್ಟು ಕೆಲಸಕ್ಕೆ ಬರುವುದಿಲ್ಲ. ಆಗ ಹೊಸದನ್ನೇ ಕೊಳ್ಳಬಹುದಿತ್ತಲ್ಲ.

ಹುಳಿಯಲ್ಲಿಟ್ಟದ್ದು ಗುಂಡಿ ಬಿತ್ತು

ಗಾಡಿಪಟ್ಟಿಯ ತುಂಡನ್ನು ವಿನಿಗರ್‌ನಲ್ಲಿ ಮುಳುಗಿಸಿಟ್ಟು ನೆಂಟರ ಮನೆಗೆ ಹೋದೆ. ನಾಲ್ಕನೇ ದಿನ ಬಂದು ನೋಡಿದರೆ ಅದು ಗೆದ್ದಲು ಹಿಡಿದ ರೀಪಿನಂತಾಗಿತ್ತು: ಉದ್ದುದ್ದ ಎಳೆ, ಎಳೆಗಳ ನಡುವೆ ಕೊರಕಲು. ದೋಷ ವಿನಿಗರ್‌ನದ್ದಲ್ಲ, ನನ್ನದು. ಹುಳಿಗೆ ತುಕ್ಕು ಬೇರೆ, ಲೋಹ ಬೇರೆ ಎಂಬ ಭೇದವಿಲ್ಲ. ತುಕ್ಕು ಮುಗಿದ ಮೇಲೆ ಲೋಹಕ್ಕೆ ಬಾಯಿ ಹಾಕುತ್ತದೆ. ಎಳೆ ಎಳೆಯಾಗಿ ಕಂಡದ್ದಕ್ಕೂ ಕಾರಣವಿದೆ. ಬಡಿದು ಮಾಡಿದ ಹಳೇ ಮೆದು ಕಬ್ಬಿಣದೊಳಗೆ ಕಿಟ್ಟದ ಸಣ್ಣ ಎಳೆಗಳು ಉಳಿದಿರುತ್ತವೆ, ತುಕ್ಕೂ ಹುಳಿಯೂ ಆ ಎಳೆಗುಂಟ ಒಳಗಿಳಿಯುತ್ತವೆ. ಆದ್ದರಿಂದ ಅಂಥ ಕಬ್ಬಿಣಕ್ಕೆ ಹುಳಿಯ ಸ್ನಾನವನ್ನು ಗಂಟೆಗಳಲ್ಲಿ ಎಣಿಸಬೇಕು, ದಿನಗಳಲ್ಲಿ ಅಲ್ಲ.

ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೊಡುವ ಸಿಟ್ರಿಕ್ ಆಸಿಡ್ ಲೀಟರಿಗೆ 50 ಗ್ರಾಂ ಹಾಕಿದರೆ ಸಾಕು. ಅರ್ಧ ಗಂಟೆಗೊಮ್ಮೆ ತೆಗೆದು ನೋಡಿ, ಬ್ರಷ್ ಹಾಕಿ, ಮತ್ತೆ ಇಳಿಸಿ. ಮುಗಿದ ಮೇಲೆ ಸೋಡಾ ನೀರಿನಲ್ಲಿ ಅದ್ದಿ ಹುಳಿ ಸಾಯಿಸಿ. ತೆಳ್ಳಗಿನ ಸ್ಪ್ರಿಂಗ್, ಗರಗಸದಂಥ ಹದ ಹಾಕಿದ ಉಕ್ಕನ್ನು ಹುಳಿಯಲ್ಲಿ ನೆನೆಸಲೇಬೇಡಿ. ಜಲಜನಕ ಒಳಸೇರಿ ಮುಟ್ಟಿದರೆ ಮುರಿಯುವಂತಾಗುತ್ತದೆ. ಬಚ್ಚಲು ತೊಳೆಯುವ ಆಸಿಡ್ ಹಾಕಿದರೆ ಹತ್ತೇ ನಿಮಿಷದಲ್ಲಿ ಶುಭ್ರವಾಗುವುದು ನಿಜ. ಅದು ಹೈಡ್ರೋಕ್ಲೋರಿಕ್ ಆಸಿಡ್, ಬೆವರಿಗೆ ಮೂಲವಾದ ಕ್ಲೋರೈಡನ್ನು (ಅಡುಗೆ ಉಪ್ಪಿನಲ್ಲೂ ಇರುವ ಅಂಶ) ನಮ್ಮ ಕೈಯಾರೆ ಒಳಗೆ ತುಂಬಿದಂತೆ.

ಹುಳಿಗೊಂದು ಒಳ್ಳೇ ಉಪಯೋಗವೂ ಇದೆ. ಶುಚಿಯಾದ ಕೊಡಲಿಯ ಬಾಯಿಯನ್ನು ಐದು ನಿಮಿಷ ವಿನಿಗರ್‌ನಲ್ಲಿ ಅದ್ದಿ ತೊಳೆದು ಬೆಳಕಿಗೆ ಹಿಡಿದೆ. ಅಂಚಿನಿಂದ ಎರಡು ಬೆರಳು ಒಳಗೆ, ನದಿಯ ದಡದಂತೆ ಅಂಕುಡೊಂಕಾದ ಗೆರೆಯೊಂದು ಕಂಡಿತು. ಗೆರೆಯ ಈಚೆಗೆ ಮೆದು ಕಬ್ಬಿಣ, ಬೂದಿ ಬಣ್ಣ. ಆಚೆಗೆ ಬಾಯಿಯ ಕಡೆ ಉಕ್ಕು, ಇನ್ನಷ್ಟು ಕಪ್ಪು. ಬಾಯಿಗೆ ಮಾತ್ರ ಉಕ್ಕು ಬೆಸೆದು ಬಡಿದ ಕಮ್ಮಾರನ ಕೈ ಅದು. ಅದಾದ ಮೇಲೆ ಈ ಕೊಡಲಿಯನ್ನು ಗುಜರಿಗೆ ಹಾಕುವ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ.

ತೊಳೆದ ಹತ್ತು ನಿಮಿಷಕ್ಕೆ ಕೇಸರಿ ಬಣ್ಣ

ಇದು ಚಿಕ್ಕ ದೋಷ, ದೊಡ್ಡ ಗಾಬರಿ. ಬೆತ್ತಲೆ ಲೋಹಕ್ಕೆ ನೀರು, ಗಾಳಿ ಒಟ್ಟಿಗೆ ಸಿಕ್ಕರೆ ತೆಳು ತುಕ್ಕು ಕೂಡಲೇ ಬರುತ್ತದೆ. ಕೊನೆಯ ತೊಳೆತಕ್ಕೆ ಕುದಿಯುವ ನೀರು ಬಳಸಿ. ಲೋಹವೇ ಬಿಸಿಯಾಗಿ ನೀರು ತಾನಾಗಿ ಆರುತ್ತದೆ. ಒರೆಸಿ, ಬಚ್ಚಲ ಒಲೆಯ ಕಟ್ಟೆಯ ಮೇಲೆ ಬೆಚ್ಚಗೆ ಇಡಿ. ಕೆಂಡದ ಮೇಲಲ್ಲ. ಬಾಯಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತೆಂದರೆ 200 ಡಿಗ್ರಿ ದಾಟಿ ಉಕ್ಕಿನ ಹದ ಇಳಿಯಲು ಶುರುವಾಗಿದೆ, ನೀಲಿಯಾದರೆ ಹದ ಪೂರ್ತಿ ಕೆಟ್ಟಂತೆಯೇ.

ಈ ತೆಳು ತುಕ್ಕು ಸಮನಾಗಿ, ಪುಡಿಯಂತೆ, ಎಲ್ಲ ಕಡೆ ಹರಡಿರುತ್ತದೆ. ಎಣ್ಣೆ ಹಾಕಿದ ಸ್ಕ್ರಬ್ಬರಿನಿಂದ ಒಮ್ಮೆ ಉಜ್ಜಿದರೆ ಹೋಗಿ, ಮತ್ತೆ ಬರುವುದಿಲ್ಲ. ಚುಕ್ಕೆ ಚುಕ್ಕೆಯಾಗಿ, ಅದೇ ಜಾಗದಲ್ಲಿ, ಹನಿಯಾಗಿ ಬಂದರೆ ಮಾತ್ರ ಬೇರೆ ರೋಗ.

ಬೆವರು

ಮಣ್ಣಿನಲ್ಲಿ ಕಬ್ಬಿಣ ಸವೆಯುವಾಗ ಮಣ್ಣಿನ ನೀರಿನಲ್ಲಿರುವ ಕ್ಲೋರೈಡ್ ತುಕ್ಕಿನ ಪದರ ದಾಟಿ ಲೋಹದ ತನಕ ಹೋಗಿ ಕೂರುತ್ತದೆ. ವಸ್ತು ನೆಲದೊಳಗಿದ್ದಷ್ಟು ದಿನ ಹೇಗೋ ಸಮಾಧಾನ. ಮೇಲೆತ್ತಿದೊಡನೆ ಗಾಳಿ ಒಳಹೊಕ್ಕು ಅಲ್ಲಿನ ಕಬ್ಬಿಣದ ಕ್ಲೋರೈಡನ್ನು ಮುಟ್ಟುತ್ತದೆ. ಈ ಲವಣ ಗಾಳಿಯ ತೇವವನ್ನು ಹೀರಿ ತಾನೇ ನೀರಾಗುತ್ತದೆ; ಆ ಹುಳಿ ನೀರೇ ನಾವು ನೋಡುವ ಹನಿ. ಅದು ಪಕ್ಕದ ಲೋಹವನ್ನು ತಿಂದು ತುಕ್ಕು ಮಾಡುತ್ತದೆ, ಮಾಡಿದ ಮೇಲೆ ಕ್ಲೋರೈಡ್ ಮತ್ತೆ ಬಿಡುಗಡೆಯಾಗಿ ಮುಂದಿನ ತುತ್ತಿಗೆ ಸಿದ್ಧ. ಖರ್ಚೇ ಆಗದ ಬಂಡವಾಳ. ಎಣ್ಣೆ ಸವರಿದರೆ, ಬಣ್ಣ ಹೊಡೆದರೆ ಒಳಗಿನದು ಒಳಗೇ ಕೆಲಸ ಮಾಡಿ ಪದರ ಪದರವಾಗಿ ಸಿಡಿಸುತ್ತದೆ. ಹನಿ ಒಣಗಿದ ಜಾಗದಲ್ಲಿ ಕಿತ್ತಳೆ ಬಣ್ಣದ, ಮೊಟ್ಟೆಯೋಡಿನಂಥ ಟೊಳ್ಳು ಗುಳ್ಳೆ ಉಳಿಯುತ್ತದೆ. ಉಗುರಲ್ಲಿ ಒತ್ತಿದರೆ ಚಿಟ್ಟೆನ್ನುತ್ತದೆ.

ಕರಾವಳಿಯಲ್ಲಿ ಕ್ಲೋರೈಡ್ ಎಲ್ಲಿಂದ ಎಂದು ಕೇಳಬೇಕಿಲ್ಲ. ಉಪ್ಪುಗಾಳಿಯೂ ಇದೆ, ತೆಂಗಿನ ಬುಡಕ್ಕೆ ಉಪ್ಪು ಹಾಕುವ ರೂಢಿಯೂ ಇದೆ. ಇಷ್ಟು ಮಳೆ ಬೀಳುವ ನಮ್ಮ ಮಲೆನಾಡಿನ ತೋಟಕ್ಕೆ ಎಲ್ಲಿಂದ ಬಂತು? ಗೊಬ್ಬರದ ಚೀಲ ನೋಡಿದಾಗ ಉತ್ತರ ಸಿಕ್ಕಿತು. ನಾವು ಪೊಟ್ಯಾಷ್ ಎಂದು ಎಸೆಯುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್. ಅದರ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಕ್ಲೋರಿನ್. ಜೊತೆಗೆ ಕೊಟ್ಟಿಗೆಯ ಗಂಜಲ. ವರ್ಷ ವರ್ಷ ಮರದ ಬುಡಕ್ಕೆ ಹಾಕಿದ್ದು ಬಸಿದು ಬರುವ ಜಾಗವೇ ಬಸಿಗಾಲುವೆ. ಕೊಡಲಿ ಮಲಗಿದ್ದೂ ಅಲ್ಲೇ.

ನನ್ನ ತಪ್ಪು ಎರಡು. ನೋಡಲು ಚಂದ ಆಯಿತೆಂದು ಎಂಟೇ ಗಂಟೆಗೆ ತೊಟ್ಟಿಯಿಂದ ತೆಗೆದೆ. ಗುಂಡಿಗಳ ತಳದ ಕ್ಲೋರೈಡ್ ಅಲ್ಲೇ ಉಳಿಯಿತು. ಮತ್ತೆ ತೊಳೆದದ್ದು ಕೊಳವೆಬಾವಿ ನೀರಿನಲ್ಲಿ. ಕುಡಿಯುವ ನೀರಿನಲ್ಲೇ ಲೀಟರಿಗೆ 250 ಮಿಲಿಗ್ರಾಂವರೆಗೆ ಕ್ಲೋರೈಡ್ ಇರಬಹುದೆಂದು ನಮ್ಮ ಮಾನಕ ಹೇಳುತ್ತದೆ. ಕುಡಿಯಲು ತೊಂದರೆಯಿಲ್ಲ, ಇದಕ್ಕೆ ಆಗದು.

ಪರಿಹಾರ ನಿಧಾನದ್ದು. ವಸ್ತುವನ್ನು ಮತ್ತೆ ತೊಟ್ಟಿಗಿಳಿಸಿ ಗುಂಡಿಗಳ ತುಕ್ಕನ್ನು ಸೂಜಿಯಿಂದ ಕೆದಕಿ ತೆಗೆದ ಮೇಲೆ, ಬಟ್ಟೆ ಸೋಡಾದ ಗಟ್ಟಿ ನೀರಿನಲ್ಲಿ ಮುಳುಗಿಸಿಡಿ: ಲೀಟರಿಗೆ 50 ಗ್ರಾಂ, ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬ. ಸೋಡಾ ನೀರಿನಲ್ಲಿ ಕಬ್ಬಿಣ ತುಕ್ಕು ಹಿಡಿಯುವುದಿಲ್ಲ, ಕ್ಲೋರೈಡ್ ಮಾತ್ರ ಮೆಲ್ಲಗೆ ಹೊರಬರುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ ನೀರು ಬದಲಿಸಬೇಕು. ನೀರು ಮಳೆನೀರಾಗಲಿ. ಮಳೆ ಚೆನ್ನಾಗಿ ಹಿಡಿದ ಮೇಲೆ, ತೊಳೆದುಹೋದ ಹೆಂಚಿನಿಂದ ಇಳಿದದ್ದು ನನಗೆ ಧಾರಾಳ ಸಿಕ್ಕಿತು. ಬಯಲುಸೀಮೆಯವರು ಆರ್‌ಒ ನೀರು ಬಳಸಬಹುದು, ಕೊನೆಯ ಎರಡು ತೊಳೆತಕ್ಕೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ವಸ್ತುಸಂಗ್ರಹಾಲಯಗಳಲ್ಲಿ ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಟ್ ಬೆರೆಸಿ ಬಿಸಿಯಲ್ಲಿ ತಿಂಗಳುಗಟ್ಟಲೆ ಇಡುತ್ತಾರೆ. ಕಣ್ಣಿಗೆ ಹಾರಿದರೆ ಕಣ್ಣೇ ಹೋಗುವ ವಸ್ತು, ಮನೆಯಲ್ಲಿ ಬೇಡ.

ಇನ್ನೂ ಎಷ್ಟು ದಿನ ಎಂದು ತಿಳಿಯಲು ಪರಿಚಯದ ರಸಾಯನಶಾಸ್ತ್ರದ ಮೇಷ್ಟರಿದ್ದರೆ ಸಿಲ್ವರ್ ನೈಟ್ರೇಟ್ ಪರೀಕ್ಷೆ ಮಾಡಿಸಿ. ಡಬ್ಬದ ನೀರನ್ನು ಮೊದಲು ನೈಟ್ರಿಕ್ ಆಸಿಡ್‌ನಿಂದ ಹುಳಿ ಮಾಡಬೇಕು, ಇಲ್ಲದಿದ್ದರೆ ಸೋಡಾವೇ ಸಿಲ್ವರ್ ಜೊತೆ ಸೇರಿ ಸುಳ್ಳು ಮಡ್ಡಿ ತೋರಿಸುತ್ತದೆ. ಆಮೇಲೆ ಎರಡು ಹನಿ ಹಾಕಿದಾಗ ಬಿಳಿ ಮೋಡ ಎದ್ದರೆ ಕ್ಲೋರೈಡ್ ಇನ್ನೂ ಬರುತ್ತಿದೆ. ಮೇಷ್ಟರಿಲ್ಲದಿದ್ದರೆ ನನ್ನ ಬಡಪರೀಕ್ಷೆ: ವಸ್ತುವನ್ನು ಪೂರ್ತಿ ಒಣಗಿಸಿ, ಎಣ್ಣೆ ಹಚ್ಚದೆ, ಒದ್ದೆ ಬಟ್ಟೆಯ ಜೊತೆ ಎರಡು ದಿನ ಡಬ್ಬದಲ್ಲಿ ಮುಚ್ಚಿಡಿ. ಬಟ್ಟೆ ತಾಗಬಾರದು. ತೆಳು ಕೇಸರಿ ಬಂದರೆ ಚಿಂತೆಯಿಲ್ಲ, ಹನಿ ಕಟ್ಟಿದರೆ ವಾಪಸ್ ಸೋಡಾಕ್ಕೆ.

ಕೊನೆಯ ಲೇಪ

ಬೆವರು ನಿಂತ ಮೇಲೆ ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ನೀರು. ಮ್ಯೂಸಿಯಂನವರು ಟ್ಯಾನಿಕ್ ಆಸಿಡ್ ಹಚ್ಚುತ್ತಾರೆ; ನಮ್ಮ ಚೊಗರಿನಲ್ಲಿರುವುದೂ ಟ್ಯಾನಿನ್‌ಗಳೇ. ಅಡಿಕೆ ಸುಲಿಯುವ ಕತ್ತಿ, ಸುಲಿಯುವವರ ಬೆರಳು ಕಪ್ಪಾಗುವುದು ಎಲ್ಲರೂ ಕಂಡದ್ದೇ. ಗಟ್ಟಿ ಚೊಗರನ್ನು ನೀರು ಬೆರೆಸಿ ತೆಳ್ಳಗೆ ಮಾಡಿ, ಸೋಸಿ, ಬೆಚ್ಚಗಿನ ಕಬ್ಬಿಣಕ್ಕೆ ಬ್ರಷ್ಷಿನಿಂದ ಎರಡು ಮೂರು ಸಲ ಹಚ್ಚಿ. ಗುಂಡಿಗಳಲ್ಲಿ ಉಳಿದ ತುಕ್ಕು ನೀಲಿಗಪ್ಪಾಗಿ ಕೂರುತ್ತದೆ. ತಾಮ್ರದ ಹಂಡೆಯಲ್ಲಿ ಕುದಿಸಿದ ಚೊಗರಾದರೆ ಬೇಡ. ಕರಗಿದ ತಾಮ್ರ ಕಬ್ಬಿಣದ ಮೇಲೆ ಕೂತು ಪಕ್ಕದಲ್ಲಿ ಹೊಸ ತುಕ್ಕೆಬ್ಬಿಸುತ್ತದೆ. ಸ್ಟೀಲ್ ಪಾತ್ರೆಯಲ್ಲಿ ನಾಲ್ಕು ಅಡಿಕೆ ಬೇಯಿಸಿಕೊಂಡರೆ ಆಯಿತು. ಲೇಪ ಸರಿಯಾಗಿ ಒಣಗಿದ ಮೇಲೆ ಬಿಸಿ ಮೈಗೆ ಜೇನುಮೇಣ ಉಜ್ಜಿ, ಹತ್ತಿ ಬಟ್ಟೆಯಲ್ಲಿ ಒರೆಸಿ. ಬಳಸುವ ಸಾಮಾನಿಗೆ ಅಗಸೆ ಎಣ್ಣೆ ವಾಸಿ.

ಬೀಗವನ್ನು ನಾನು ತೊಳೆದಿಲ್ಲ. ತಟ್ಟಿದರೆ 'ಟಪ್' ಎನ್ನುತ್ತದೆ. ಅನ್ನದ ಡಬ್ಬದಲ್ಲಿ ಸಿಲಿಕಾ ಜೆಲ್ ಹರಡಿ, ಮಣ್ಣಿನ ಸಮೇತ ಇಟ್ಟಿದ್ದೇನೆ. ಕಾಳುಗಳ ಬಣ್ಣ ಬದಲಾದಾಗ ಬಾಣಲೆಯಲ್ಲಿ ಹುರಿದು ಮತ್ತೆ ಹಾಕುತ್ತೇನೆ. ಕೊಡಲಿ ನಾಲ್ಕು ತಿಂಗಳು ಸೋಡಾದಲ್ಲಿತ್ತು. ಕಳೆದ ವಾರದ ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಬಾಯಿ, ಬೆನ್ನು, ಎರಡೂ ಮಗ್ಗುಲು ಒಣಗಿದ್ದವು. ಕಣ್ಣಿನ ಪಕ್ಕ ಒಂದು ಹನಿ ಇತ್ತು. ಕಾವು ಹಾಕಿಸಲು ತಂದಿಟ್ಟ ಮರ ಮೂಲೆಯಲ್ಲಿದೆ, ಕೊಡಲಿ ಮತ್ತೆ ಡಬ್ಬದಲ್ಲಿದೆ.